ಊಟಕ್ಕೆ ಮುಂಚಿನ ಸೂಜಿ

ಮುನಿರತ್ನಮ್ಮನ ಮನೆಯಿಂದ ಸಕ್ಕರೆ ಡಬ್ಬ, ಬೆಲ್ಲದ ಕುಡಿಕೆ, ಮೊಮ್ಮಗಳ ಬಿಸ್ಕತ್ತು ಪೊಟ್ಟಣ, ಕಡೆಗೆ ದೇವರ ಮುಂದಿನ ಕಲ್ಲುಸಕ್ಕರೆ ಕೂಡ ಒಂದೇ ದಿನ ಗಂಟು ಕಟ್ಟಿಸಿಕೊಂಡು ಪಕ್ಕದ ಮುನಿಯಲ್ಲಪ್ಪನ ಮನೆ ಸೇರಿದವು. ಗಂಡ ದೊಡ್ಡಣ್ಣನಿಗೆ ಸಕ್ಕರೆ ಕಾಯಿಲೆ ಮಿತಿಮೀರಿದೆ, ಮಾತ್ರೆಗೆ ಬಗ್ಗುವುದಿಲ್ಲ, ಇನ್ನು ದಿನಕ್ಕೆರಡು ಸಲ ಸೂಜಿಯೇ ಗತಿ ಎಂದು ಆಸ್ಪತ್ರೆಯವರು ಹೇಳಿದ್ದರು. ಮುನಿರತ್ನಮ್ಮ ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಹೆಂಗಸಲ್ಲ. ಸಿಹಿ ಅನ್ನುವುದು ಮನೆಯ ಹೊಸಿಲು ದಾಟಬಾರದು ಎಂದರೆ ದಾಟಬಾರದು.

"ಮಗೂಗೇನ್ ಕಾಯ್ಲೆ ಬಂದಿದೆ ಅತ್ತೆ? ಭೂಮಿಕಾ ಹಾಲು ಕುಡಿಯೋದೇ ಬಿಟ್ಬುಟ್ಳು," ಎಂದಳು ಸೊಸೆ ಸುಧಾ.

"ಮುನಿಯಲ್ಲಪ್ಪನ ಮನೇಗ್ ಕಳ್ಸು, ಅಲ್ಲೇ ಕುಡ್ಕಂಡ್ ಬರ್ಲಿ. ಕಣ್ಮುಂದೆ ಇದ್ರೆ ನಿಮ್ಮಾವ ಕೈ ಹಾಕ್ದೇ ಇರ್ತಾನಾ?"

ತಮಿಳುನಾಡಿಗೆ ಸೇರಿದ ಡೆಂಕಣಿಕೋಟೆಯಿಂದ ಆಚೆ, ಕಾಡಿನ ಅಂಚಿಗೆ ಅಂಟಿಕೊಂಡ ಊರು ಅದು. ಅಲ್ಲಿ ಎಲ್ಲರೂ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಆಫೀಸಿನಲ್ಲಿ ತಮಿಳು ಆಡಿಕೊಂಡು ಹೇಗೋ ಬದುಕುತ್ತಾರೆ. ದೊಡ್ಡಣ್ಣನಿಗೆ ಮೂರೂ ಭಾಷೆಯಲ್ಲಿ ಜಗಳ ಬರುತ್ತದೆ. ಕುಡಿದಾಗ ಮೂರನ್ನೂ ಒಟ್ಟಿಗೇ ಆಡುತ್ತಿದ್ದ. ಮಗ ಬಾಲಾಜಿ ಎಂಟನೇ ಕ್ಲಾಸಿನಲ್ಲಿದ್ದಾಗಲೇ ಕುಡಿದು ಬಿದ್ದ ಅಪ್ಪನನ್ನು ಸೈಕಲ್ಲಿನ ಮೇಲೆ ಅಡ್ಡ ಹಾಕಿಕೊಂಡು, ಜೊತೆಗೆ ಓದುವ ಹುಡುಗರೆಲ್ಲ ನೋಡುತ್ತಿದ್ದಂತೆ, ಊರ ತನಕ ತಳ್ಳಿಕೊಂಡು ಬಂದಿದ್ದ. ಅದನ್ನು ಅವನು ಮರೆತಿಲ್ಲ. ಈಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಸಕ್ಕರೆ ಕಾಯಿಲೆ ಜೋರಾಯಿತು ಎಂದ ದಿನವೇ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಒಂದೇ ಮಾತು ಹೇಳಿದ್ದ: "ಇನ್ನೊಂದ್ ಸಲ ನೀನು ಕುಡ್ದಿರೋದು ಕಂಡ್ರೆ, ಹೆಂಡ್ತಿ ಮಗೂನ ಕರ್ಕಂಡು ಹೊಸೂರ್ ಪಕ್ಕ ಆಲಸನತ್ತದಲ್ಲಿ ಬಾಡ್ಗೆ ಮನೆ ಮಾಡ್ಬುಡ್ತೀನಿ. ಆಮೇಲೆ ಈ ಕಡೆ ತಲೆ ಹಾಕಲ್ಲ."

ದೊಡ್ಡಣ್ಣ ಅವತ್ತೇ ಬಿಟ್ಟ. ನಿಜಕ್ಕೂ ಬಿಟ್ಟ. ಆದರೆ ಮೂವತ್ತು ವರ್ಷ ಕುಡಿದವನು ಬಿಟ್ಟೆ ಅಂದರೆ ನಂಬುವವರು ಯಾರು?

ಸೂಜಿ ಹಾಕುವುದನ್ನು ಕಲಿಸಲು ಆಸ್ಪತ್ರೆಯಲ್ಲಿ ಕ್ಲಾಸು ಇಟ್ಟಿದ್ದರು. ಕಲಿಸುವಾಕೆ ಪುಸ್ತಕದ ತಮಿಳಿನಲ್ಲಿ ಪಟಪಟನೆ ಹೇಳುತ್ತಾ ಹೋದಳು. ಅರ್ಧ ತಿಳಿಯಿತು, ಅರ್ಧ ತಲೆ ಮೇಲೆ ಹಾರಿತು. ಸಿಹಿ ಮುಟ್ಟಬಾರದು, ಬೆಳಿಗ್ಗೆ ಊಟಕ್ಕೆ ಮುಂಚೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು. ಮುನಿರತ್ನಮ್ಮ ಗಂಡನ ಹೊಟ್ಟೆಯ ಚರ್ಮ ಚಿವುಟಿ ಹಿಡಿದು, ಒಂದೇ ಏಟಿಗೆ ಸರಿಯಾಗಿ ಚುಚ್ಚಿ ತೋರಿಸಿದಾಗ ಹಾಲ್‌ನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಇಸ್ಕೂಲಿನ ಮೆಟ್ಟಿಲು ಹತ್ತದವಳಿಗೆ ಅದು ಎಷ್ಟು ಹೆಮ್ಮೆ ಎಂದರೆ, ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಳು. ಕ್ಲಾಸು ಇನ್ನೂ ಮುಗಿದಿರಲಿಲ್ಲ. ಹಸು ಕರೆಯುವ ಹೊತ್ತಾಗುತ್ತಿತ್ತು, ಡೈರಿ ವ್ಯಾನು ಯಾರಿಗೂ ಕಾಯುವುದಿಲ್ಲ. ಇವಳ ಹಾಗೆಯೇ ಹಳ್ಳಿ ಕಡೆಯವರೆಲ್ಲ ಎದ್ದು ಹೊರಟರು. ಕೊನೆಯ ಭಾಗ ಕೇಳಿಸಿಕೊಂಡವರು ಪಟ್ಟಣದಲ್ಲಿ ಮನೆ ಇದ್ದವರು ಮಾತ್ರ.

ಒಂದೆರಡು ತಿಂಗಳು ಎಲ್ಲ ನೆಟ್ಟಗೇ ನಡೆಯಿತು. ಆಮೇಲೆ ರಾಗಿ ತೆನೆ ಕಟ್ಟಿತು.

ತೆನೆ ಬಲಿತರೆ ಆನೆ ಬರುತ್ತದೆ. ಆನೆ ಬಂದರೆ ಒಂದು ರಾತ್ರಿಯಲ್ಲಿ ವರ್ಷದ ಮುದ್ದೆ ಮಣ್ಣುಪಾಲು. ಅದಕ್ಕೆ ಹೊಲದ ಅಂಚಿನ ಮರದಲ್ಲಿ ಅಟ್ಟಣೆ ಕಟ್ಟಿ, ಟಾರ್ಚು, ಪಟಾಕಿ, ಬಡಿಯಲು ಒಂದು ತಗಡಿನ ಡಬ್ಬ ಇಟ್ಟುಕೊಂಡು ಬೆಳಗಾಗುವ ತನಕ ಕಾವಲು ಕೂರಬೇಕು. ದೊಡ್ಡಣ್ಣ ಅದರಲ್ಲಿ ಎತ್ತಿದ ಕೈ. ಹೊತ್ತು ಮುಳುಗುವ ಮುಂಚೆ ಹೊರಡುವವನು. ಹೊರಡುವ ಮುಂಚೆ ಮುನಿರತ್ನಮ್ಮ ಫ್ರಿಜ್ಜಿನಿಂದ ಇನ್ಸುಲಿನ್ ತೆಗೆದು ಚುಚ್ಚುವಳು, ಮುದ್ದೆ ಸಾರು ಟಿಫನ್ ಕ್ಯಾರಿಯರಿಗೆ ತುಂಬಿ ಕೊಡುವಳು. ಊಟಕ್ಕೆ ಮುಂಚೆ ಸೂಜಿ, ಹೇಳಿದ ಹಾಗೇ.

ಆದರೆ ಕಾವಲಿನವರು ಹೋದ ತಕ್ಷಣ ಉಣ್ಣುವುದಿಲ್ಲ. ಹೊಟ್ಟೆ ತುಂಬ ಮುದ್ದೆ ಬಿದ್ದರೆ ಕಣ್ಣು ಎಳೆಯುತ್ತದೆ, ಕಣ್ಣು ಎಳೆದರೆ ಆನೆಗೆ ಬಾಗಿಲು ತೆಗೆದ ಹಾಗೆ. ಮೊದಲ ಸರದಿ ಆನೆ ಬಂದು ಹೋಗಬೇಕು, ಇಲ್ಲವೇ ಬೆಳ್ಳಿ ಮೂಡಬೇಕು, ಆಮೇಲೆ ಊಟ. ದೊಡ್ಡಣ್ಣನ ಅಪ್ಪನೂ ಹಾಗೇ, ತಾತನೂ ಹಾಗೇ. ಇದನ್ನು ಆಸ್ಪತ್ರೆಯವರು ಕೇಳಲಿಲ್ಲ, ಇವರು ಹೇಳಲಿಲ್ಲ. ರಾತ್ರಿ ಊಟವನ್ನು ಬೆಳಗಿನ ಜಾವಕ್ಕೆ ಉಣ್ಣುವವರೂ ಇರುತ್ತಾರೆ ಎಂದು ಪಟ್ಟಣದಲ್ಲಿ ಯಾರಿಗೆ ಹೊಳೆಯಬೇಕು?

ಕಾವಲು ಶುರುವಾಗಿ ವಾರ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಮುನಿಯಲ್ಲಪ್ಪ ದೊಡ್ಡಣ್ಣನ ರಟ್ಟೆ ಹಿಡಿದು ಎಳೆದುಕೊಂಡು ಬಂದ. ಮುನಿಯಲ್ಲಪ್ಪನದು ಪಕ್ಕದ ಹೊಲ, ಪಕ್ಕದ ಅಟ್ಟಣೆ. ಚಳಿಗೆ ಒಂದು ಕ್ವಾರ್ಟರ್ ಇಲ್ಲದೆ ಮರ ಹತ್ತುವವನಲ್ಲ ಅನ್ನುವುದು ಊರಿಗೇ ಗೊತ್ತು.

"ಅಟ್ಟಣೆ ಕೆಳಗೆ ಬಿದ್ದಿದ್ದ ಕಣಕ್ಕಾ. ಏನೇನೋ ಮಾತಾಡ್ತಾವ್ನೆ."

ದೊಡ್ಡಣ್ಣನ ಅಂಗಿ ಬೆವರಿಗೆ ಹಿಂಡುವ ಹಾಗೆ ಒದ್ದೆಯಾಗಿತ್ತು, ಅದೂ ಆ ಚಳಿಯಲ್ಲಿ. ಕಾಲು ನಿಲ್ಲುತ್ತಿರಲಿಲ್ಲ, ನಾಲಗೆ ತೊದಲುತ್ತಿತ್ತು. ಹೆಂಡತಿಯನ್ನು ನೋಡಿ ಸತ್ತುಹೋದ ತನ್ನ ಅಕ್ಕನ ಹೆಸರು ಹಿಡಿದು ಕರೆದ. ರಾತ್ರಿ ಶಿಫ್ಟ್ ಮುಗಿಸಿ ಆಗತಾನೆ ಬಂದ ಬಾಲಾಜಿ ಬೈಕಿನಿಂದ ಇಳಿಯದೆಯೇ ನೋಡಿದ.

"ಶುರು ಆಯ್ತಾ?"

"ಯಾರ್ಗೊತ್ತಪ್ಪ, ಜ್ವರಾನೋ ಏನೋ…" ಎಂದಳು ಮುನಿರತ್ನಮ್ಮ.

"ಜ್ವರ ಬಂದೋನ್ ಹಿಂಗೆ ಓಲಾಡ್ತಾನಾ? ನಾನ್ ನೋಡಿಲ್ದೇ ಇರೋದಾ ಇದು?"

ಆದರೂ ಮಗನಲ್ಲವೇ, ಆಟೋ ತರಿಸಿ ಪಟ್ಟಣದ ಒಂದು ಕ್ಲಿನಿಕ್ಕಿಗೆ ಕರೆದೊಯ್ದ. "ಏನಾಯಿತು?" ಎಂದು ಅಲ್ಲಿಯವರು ಕೇಳಿದರು. "ಕುಡ್ದವ್ರೆ ಸಾರ್," ಎಂದ ಬಾಲಾಜಿ. ಹಾಗೆಂದ ಮೇಲೆ ಬೆರಳಿಗೆ ಸೂಜಿ ಚುಚ್ಚಿ ರಕ್ತ ನೋಡುವ ಕೆಲಸ ಯಾರಿಗೂ ನೆನಪಾಗಲಿಲ್ಲ. ಕುಡಿದು ಬಂದವರಿಗೆಲ್ಲ ಹಾಕುವ ಹಾಗೆ ಕೈಗೊಂದು ಗ್ಲೂಕೋಸ್ ಬಾಟಲಿ ಹಾಕಿ ಮಲಗಿಸಿದರು. ಬಾಟಲಿ ಅರ್ಧ ಇಳಿಯುವುದರೊಳಗೆ ದೊಡ್ಡಣ್ಣ ಕಣ್ಣುಬಿಟ್ಟು ಎದ್ದು ಕೂತು, "ಇಲ್ಲಿಗ್ಯಾಕ್ ಕರ್ಕಂಡ್ ಬಂದ್ರಿ? ಹಸು ಕರ್ದ್ರಾ?" ಎಂದ.

ಬಾಲಾಜಿಗೆ ಇನ್ನೇನು ಬೇಕು? "ನೋಡ್ದಾ ಅಮ್ಮ, ಬಾಟ್ಲಿ ಹಾಕ್ತಿದ್ದಂಗೆ ಇಳ್ದೋಯ್ತು."

ಇಳಿದದ್ದು ಯಾವುದು, ಏರಿದ್ದು ಯಾವುದು ಅನ್ನುವುದು ಆ ಕ್ಲಿನಿಕ್ಕಿನಲ್ಲಿ ಯಾರಿಗೂ ಬೇಕಿರಲಿಲ್ಲ. ಮುನಿರತ್ನಮ್ಮ ಹಣೆ ಚಚ್ಚಿಕೊಂಡಳು. ಅವಳಿಗೂ ಮಗನ ಮಾತೇ ನಿಜ ಅನ್ನಿಸಿತು.

ಅವತ್ತು ಮಧ್ಯಾಹ್ನ ಹುರುಳಿಸಾರಿನ ಮುಂದೆ ಕೂತು ಅಪ್ಪ ಮಗ ಮಾತಿಗೆ ಮಾತು ಬೆಳೆಸಿದರು.

"ಬಾಯ್ಗ್ ಹಾಕಿಲ್ಲ ಕಣ್ಲಾ. ಆ ಮುನೇಶ್ವರನಾಣೆ."

"ಮುನೇಶ್ವರನ್ ಮೇಲೆ ಇದು ಎಷ್ಟನೇ ಆಣೆ? ಅವ್ನೂ ಕೇಳಿ ಕೇಳಿ ಕಿವುಡಾಗವ್ನೆ."

"ಮುನಿಯಲ್ಲಪ್ಪನ್ನ ಕೇಳು."

"ಕುಡುಕನ್ಗೆ ಕುಡುಕ ಸಾಕ್ಷಿ!"

ದೊಡ್ಡಣ್ಣ ಬೆರಳಿಗೆ ಹತ್ತಿದ್ದ ಸಾರನ್ನು ತಟ್ಟೆಯ ಅಂಚಿಗೆ ಒರೆಸಿ, ಪಕ್ಕದಲ್ಲಿ ಕೂತಿದ್ದ ಭೂಮಿಕಾಳ ತಲೆಯ ಮೇಲೆ ಎಡಗೈ ಇಟ್ಟ. "ಈ ಮಗೂನಾಣೆ…" ಅನ್ನುವಷ್ಟರಲ್ಲಿ ಬಾಲಾಜಿ ಮಗಳನ್ನು ಸರಕ್ಕನೆ ಎಳೆದುಕೊಂಡ. ಮಗು ಹೆದರಿ ಅತ್ತಿತು. ದೊಡ್ಡಣ್ಣನ ಕೈ ಗಾಳಿಯಲ್ಲೇ ಉಳಿಯಿತು. ಮೊಮ್ಮಗಳ ತಲೆ ಮುಟ್ಟುವಷ್ಟೂ ಯೋಗ್ಯತೆ ಇಲ್ಲದವನಾದೆನಲ್ಲ ಎಂದು ಅವನ ಮುಖ ಕಪ್ಪಿಟ್ಟಿತು.

ಮುಂದಿನ ಎರಡು ವಾರ ಮನೆ ಪೊಲೀಸ್ ಠಾಣೆಯಾಯಿತು. ಮುನಿರತ್ನಮ್ಮ ಬೆಳಿಗ್ಗೆ ಹೊಲದಿಂದ ಬಂದ ಗಂಡನ ಬಾಯಿ ಮೂಸುವಳು. ವಾಸನೆ ಇರುತ್ತಿರಲಿಲ್ಲ. ಎಲೆಅಡಿಕೆ ಹಾಕಿ ಮುಚ್ಚಿರಬೇಕು ಅಂದುಕೊಳ್ಳುವಳು. ಹುಲ್ಲಿನ ಬಣವೆಯಲ್ಲಿ, ಅಟ್ಟಣೆಯ ಕೆಳಗಿನ ಪೊದೆಯಲ್ಲಿ ಬಾಟಲಿ ಹುಡುಕಿದಳು. ಸಿಕ್ಕಿದ್ದೆಲ್ಲ ಮುನಿಯಲ್ಲಪ್ಪನ ಹೊಲದ ಕಡೆಯವು. ಕೆಲವು ಬೆಳಿಗ್ಗೆ ದೊಡ್ಡಣ್ಣ ಚೆನ್ನಾಗಿಯೇ ಬರುವನು. ಕೆಲವು ಬೆಳಿಗ್ಗೆ ಕೈ ನಡುಗುತ್ತಾ, ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು, ಕಾಫಿ ಲೋಟ ಚೆಲ್ಲಿ ರಂಪ ಮಾಡುವನು.

"ಅತ್ತೆ, ಕ್ಯಾರಿಯರ್ ಮುದ್ದೆ ಇವತ್ತೂ ಹಂಗೇ ಬಂದದೆ," ಎಂದಳು ಸುಧಾ ಒಂದು ದಿನ, ಗಟ್ಟಿಯಾದ ಮುದ್ದೆಯನ್ನು ಕಲಗಚ್ಚಿನ ಬಾನಿಗೆ ಹಾಕುತ್ತಾ. "ಮಾವ ಮುದ್ದೆ ಉಣ್ದಿರೋ ದಿನಾನೇ ಹಿಂಗಾಡೋದು. ನೋಡಿದ್ರಾ?"

"ಕುಡ್ದೋನ್ಗೆ ಮುದ್ದೆ ಯಾಕ್ ಬೇಕು?" ಎಂದಳು ಮುನಿರತ್ನಮ್ಮ.

ಸುಧಾ ಬಾಗಲೂರಿನ ಕಡೆಯ ಹುಡುಗಿ, ತಮಿಳು ಇಸ್ಕೂಲಿನಲ್ಲಿ ಹತ್ತನೇ ಕ್ಲಾಸು ಓದಿದವಳು. ಇನ್ನೂ ಏನೋ ಹೇಳಲು ಬಾಯಿ ತೆರೆದಳು. ಅತ್ತೆಯ ಮುಖ ನೋಡಿ ಬಾನಿಯನ್ನು ಹಸುವಿನ ಕಡೆ ಎತ್ತಿಕೊಂಡು ಹೋದಳು. ಕೈಗೆ ಸಿಕ್ಕಿದ್ದ ಸುಳಿವನ್ನು ಹೀಗೆ ಕಲಗಚ್ಚಿಗೆ ಚೆಲ್ಲಿದ್ದು ಯಾರು ಎಂದು ಕೇಳಿದರೆ ಅತ್ತೆ ಸೊಸೆ ಇಬ್ಬರ ಹೆಸರೂ ಹೇಳಬೇಕು.

ಆ ಶನಿವಾರ ಬಾಲಾಜಿ ಆಲಸನತ್ತದಲ್ಲಿ ಮನೆ ನೋಡಿ ಬಂದ. ಮೊದಲನೇ ಮಹಡಿ, ನಲ್ಲಿ ನೀರು, ಮಗುವಿನ ಇಸ್ಕೂಲಿಗೆ ಹತ್ತಿರ. "ಒಂದನೇ ತಾರೀಖಿಗೆ ಹೊರಡ್ತೀವಿ ಅಮ್ಮ. ಅಲ್ಲೀವರ್ಗೂ ಕಾವಲಿಗೆ ನಾನ್ ಹೋಗ್ತೀನಿ, ರಜ ಹಾಕ್ತೀನಿ. ಅಪ್ಪ ಮನೆ ಬಿಟ್ಟು ಅಲ್ಲಾಡ್ಬಾರ್ದು. ನೀನ್ ಕಣ್ಣಿಗೆ ಎಣ್ಣೆ ಬಿಟ್ಕಂಡ್ ಕಾಯಿ. ಹೊರಗ್ ಕಾಲಿಟ್ರೆ ಒಂದನೇ ತಾರೀಖೂ ಇಲ್ಲ, ನಾಳೇನೇ."

ಮುನಿರತ್ನಮ್ಮ ಕಾದಳು. ಕೂಡಿದ ಮನೆ ಒಡೆಯಬಾರದು, ಮೊಮ್ಮಗಳು ಕಣ್ಣ ಮುಂದೆ ಇರಬೇಕು, ಅವಳಿಗೆ ಬೇಕಿದ್ದು ಅಷ್ಟೇ. ಸಂಜೆ ಬಾಲಾಜಿ ಟಾರ್ಚು ಹಿಡಿದು ಹೊಲಕ್ಕೆ ಹೋದ. ಮುನಿರತ್ನಮ್ಮ ಅಭ್ಯಾಸದಂತೆ ಹೊತ್ತು ಮುಳುಗುವ ಮುಂಚೆ ಸೂಜಿ ಚುಚ್ಚಿ, ಬಿಸಿ ಮುದ್ದೆ ಅವರೆಕಾಳು ಸಾರು ತಟ್ಟೆಗೆ ಹಾಕಿ ಮುಂದಿಟ್ಟಳು.

"ನನ್ ಹೊಲ ಕಾಯೋಕೆ ನಾನ್ ಲಾಯಕ್ಕಿಲ್ಲ," ಎಂದ ದೊಡ್ಡಣ್ಣ.

"ಕುಡ್ದು ಅಟ್ಟಣೆಯಿಂದ ಬಿದ್ದೋನ್ಗೆ ಇನ್ನೇನ್ ಹೇಳ್ತಾರೆ?"

"ನೀನೂ ಹಂಗೇ ಅಂತೀಯಾ?"

"ನಾನಲ್ಲ, ಊರೇ ಅಂತದೆ. ಈ ವಯಸ್ಸಲ್ಲಿ ಮಗ ಮನೆ ಬಿಟ್ ಹೋಗೋ ಹಂಗ್ ಮಾಡ್ಬುಟ್ಟೆ. ಕುಡುಕ ಅನ್ನಿಸ್ಕಂಡೇ ಸಾಯಿ!"

ದೊಡ್ಡಣ್ಣ ತಟ್ಟೆಯನ್ನು ತಳ್ಳಿ ಎದ್ದ. ಒಂದು ತುತ್ತೂ ಮುಟ್ಟಿರಲಿಲ್ಲ. ಜಗುಲಿಗೆ ಹೋಗಿ ಕಂಬಳಿ ಹೊದ್ದು ಗೋಡೆ ಕಡೆ ತಿರುಗಿ ಮಲಗಿದ. ಬಾಗಿಲಲ್ಲೇ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಾ ಕೂತಳು ಮುನಿರತ್ನಮ್ಮ. ಹಸಿದರೆ ತಾನೇ ಬರುತ್ತಾನೆ ಅಂದುಕೊಂಡಳು.

ಮೊರ ಅರ್ಧ ತುಂಬಿರಬೇಕು, ಜಗುಲಿಯಿಂದ ಗೊಣಗು ಕೇಳಿಸಿತು. ಹೋಗಿ ಮುಟ್ಟಿದರೆ ಮೈ ತಣ್ಣಗೆ, ಬೆವರು ಇಳಿಯುತ್ತಿದೆ. ಕೈ ನಡುಗುತ್ತಿದೆ.

"ಬೆಲ್ಲ…" ಎಂದ ದೊಡ್ಡಣ್ಣ. "ಒಂಚೂರು ಬೆಲ್ಲ ಕೊಡೆ. ಎದೆ ಹೊಡ್ಕತಾ ಅದೆ."

"ಬೆಲ್ಲನಾ? ಬೆಲ್ಲ ತಿಂದ್ರೆ ಸತ್ತೇ ಹೋಗ್ತೀಯ."

"ಒಂಚೂರು ಕಣೆ…"

"ಸುಮ್ನೆ ಮಲಿಕ್ಕೊ." ಇನ್ನೊಂದು ಕಂಬಳಿ ತಂದು ಹೊದಿಸಿದಳು. ಕ್ಲಾಸಿನಲ್ಲಿ ಅವಳು ಚೆನ್ನಾಗಿ ಕಲಿತದ್ದು ಎರಡೇ ಪಾಠ. ಒಂದನ್ನು ಸಂಜೆಯೇ ಪಾಲಿಸಿ ಆಗಿತ್ತು, ಎರಡನೆಯದನ್ನು ಈಗ ಪಾಲಿಸಿದಳು.

ಕಂಬಳಿ ಹೊದಿಸುವಾಗ ದೊಡ್ಡಣ್ಣ ಮತ್ತೆ ಅವಳನ್ನು ಅಕ್ಕನ ಹೆಸರು ಹಿಡಿದು ಕರೆದ. ಆಗ ಅವಳ ಕೈ ನಿಂತಿತು. ಅದೇ ಮಾತು, ಅದೇ ತೊದಲು, ಅದೇ ಬೆವರು. ಅವನೋ ಮಧ್ಯಾಹ್ನದಿಂದ ಅವಳ ಕಣ್ಣು ತಪ್ಪಿಸಿ ಬಚ್ಚಲಿಗೂ ಹೋಗಿಲ್ಲ. ಅಂದರೆ ಇವತ್ತು ಕುಡಿದಿಲ್ಲ. ಇವತ್ತು ಕುಡಿದಿಲ್ಲ ಅಂದರೆ ಅವತ್ತೂ ಕುಡಿದಿರಲಿಲ್ಲ. ಅಯ್ಯೋ, ಏನೆಲ್ಲ ಅಂದುಬಿಟ್ಟೆನಲ್ಲ ಎಂದುಕೊಂಡಳು. ಕುಡಿದಿಲ್ಲ ಎಂದು ತಿಳಿಯಿತೇ ಹೊರತು ಆಗಿರುವುದೇನು ಎಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಸುಮ್ಮನಾದ. ಸುಧಾ ಎದ್ದು ಬಂದು "ಆಸ್ಪತ್ರೆಗೆ ಫೋನ್ ಮಾಡ್ಲಾ?" ಅಂದಾಗ ಮುನಿರತ್ನಮ್ಮ, "ಈಗ್ ನಿದ್ದೆ ಹತ್ತದೆ. ಮಲಗ್ಲಿ ಬುಡವ್ವ, ಪಾಪ," ಎಂದಳು.

ನಿದ್ದೆಯಲ್ಲ ಅದು. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಬಾಯಿ ಸೊಟ್ಟಗಾಗಿ ಹಲ್ಲು ಕಚ್ಚಿಹೋಗಿತ್ತು, ಕೈಕಾಲು ಸೆಟೆದು ಅದುರುತ್ತಿದ್ದವು.

ಆಂಬುಲೆನ್ಸ್ ಹೊಸೂರಿಗೆ ಒಯ್ದಿತು. ಬಾಲಾಜಿ ಹೊಲದಿಂದ ಓಡಿ ಬಂದವನು ಕಾಲಿಗೆ ಮೆತ್ತಿದ ಮಣ್ಣಿನಲ್ಲೇ ಅಮ್ಮ, ಸುಧಾರ ಜೊತೆಗೆ ಹತ್ತಿದ. ಆಸ್ಪತ್ರೆಯಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ, ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು, ಬಗ್ಗಿ ನೋಡುತ್ತಾ "ಕುಡಿಚ್ಚಿರುಕ್ಕಾರಾ?" ಎಂದಳು. ಕುಡಿದಿದ್ದಾರಾ ಎಂದು.

ಬಾಲಾಜಿ ಬಾಯಿ ತೆರೆಯುವುದರೊಳಗೆ ಮುನಿರತ್ನಮ್ಮ ಅವನ ತೋಳು ಹಿಡಿದು ಹಿಂದಕ್ಕೆ ಎಳೆದಳು. "ಇಲ್ಲ! ಕುಡ್ದಿಲ್ಲ. ನಾನೇ ಕಾವಲಿದ್ದೆ. ಅವತ್ತೂ ಕುಡ್ದಿರ್ಲಿಲ್ಲ."

ಬೆರಳಿಗೆ ಚುಚ್ಚಿ ನೋಡಿದರು. ಡಾಕ್ಟರಮ್ಮ ಕೂಗಿದಳು, ನರ್ಸುಗಳು ಓಡಿದರು, ನರಕ್ಕೆ ಗ್ಲೂಕೋಸ್ ಏರಿತು. ಸಕ್ಕರೆ ಪೂರಾ ಕೆಳಗೆ ಬಿದ್ದುಹೋಗಿದೆಯಂತೆ. ಸುಧಾ ಅದನ್ನು ಬಿಡಿಸಿ ಹೇಳಿದಾಗ ಮುನಿರತ್ನಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಸಕ್ಕರೆ ಜಾಸ್ತಿ ಆಗುವುದಲ್ಲವೇ ಕಾಯಿಲೆ? ಕಡಿಮೆ ಆದರೆ ಒಳ್ಳೆಯದೇ ಅಲ್ಲವೇ?

"ಸೂಜಿ ಎಷ್ಟು ಹೊತ್ತಿಗೆ ಹಾಕಿದ್ರಿ? ಊಟ ಯಾವಾಗ ಮಾಡಿದ್ರು?" ಎಂದು ಡಾಕ್ಟರಮ್ಮ ಕನ್ನಡಕ್ಕೆ ತಿರುಗಿ ಕೇಳಿದಳು.

"ಹೊತ್ತು ಮುಳುಗೋ ಮುಂಚೆ ಹಾಕ್ದೆ. ಊಟ… ಮಾಡ್ಲಿಲ್ಲ. ಕಾವಲಿಗೆ ಹೋದ್ರೆ ಬೆಳಗಿನ ಜಾವ ಉಣ್ಣೋದು. ಊಟಕ್ಕೆ ಮುಂಚೆ ಅಂದ್ರಲ್ಲ ತಾಯಿ, ಊಟಕ್ಕೆ ಮುಂಚೇನೇ ಹಾಕ್ತಿದ್ದೆ."

"ಸೂಜಿ ಹಾಕಿ ಅರ್ಧ ಗಂಟೆಯೊಳಗೆ ಉಣ್ಣಬೇಕು. ಬೆವರು ಬಂದಾಗ ಸಕ್ಕರೆ, ಬೆಲ್ಲ, ಏನಾದರೂ ಕೊಟ್ರಾ? ಬಾಯಿಗೊಂದು ಚಮಚ?"

ಮುನಿರತ್ನಮ್ಮ ಗೋಡೆಗೆ ಒರಗಿದಳು. "ಕೇಳ್ದ. ಬೆಲ್ಲ ಕೇಳ್ದ. ನಾನೇ ಕೊಡ್ಲಿಲ್ಲ."

ಡಾಕ್ಟರಮ್ಮ ಬೈಯಲು ತೆರೆದ ಬಾಯಿ ಮುಚ್ಚಿದಳು. ಆಮೇಲೆ ಮೆಲ್ಲಗೆ, "ಕ್ಲಾಸಲ್ಲಿ ಕೊನೆಗೆ ಹೇಳಿರ್ತಾರಲ್ಲಮ್ಮ ಇದನ್ನೆಲ್ಲ," ಎಂದಳು. ಪ್ರಾಣ ಉಳಿಸುವ ಮಾತನ್ನು ಕೊನೆಗೆ ಇಟ್ಟುಕೊಂಡವರು ಯಾರು, ಯಾಕೆ ಎಂದು ಕೇಳುವ ತ್ರಾಣ ಮುನಿರತ್ನಮ್ಮನಿಗೆ ಇರಲಿಲ್ಲ. ಹಸು ಕರೆಯಬೇಕಿತ್ತು ಎಂದಷ್ಟೇ ಹೇಳಿದಳು.

ಬಾಲಾಜಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಕುಡ್ದವ್ರೆ ಸಾರ್ ಎಂದು ತಾನು ಅಂದದ್ದು ಅವನಿಗೆ ನೆನಪಾಗಿರಬೇಕು. ತಾಯಿ ಪಕ್ಕದಲ್ಲಿ ಬಂದು ಕೂತರೂ ತಲೆ ಎತ್ತಲಿಲ್ಲ.

ದೊಡ್ಡಣ್ಣ ಬದುಕಿದ. ಕಣ್ಣು ಬಿಡಲು ಮೂರು ದಿನ, ಎದ್ದು ನಿಲ್ಲಲು ಮೂರು ವಾರ ಹಿಡಿಯಿತು. ಮೆದುಳಿಗೆ ಸಕ್ಕರೆ ಸಿಗದೆ ಬಹಳ ಹೊತ್ತು ಕಳೆದಿದೆ, ಪೂರ್ತಿ ಮೊದಲಿನ ಹಾಗೆ ಆಗುವುದು ಕಷ್ಟ ಎಂದರು. ಎಡಗಾಲು ಎಳೆಯುತ್ತಿತ್ತು. ನಾಲಗೆ ದಪ್ಪಗಾಗಿ, ಒಂದೊಂದು ಮಾತೂ ಎಡವಿ ಎಡವಿ ಬರುತ್ತಿತ್ತು. ಆಲಸನತ್ತದ ಮನೆಯ ಮಾತು ಯಾರೂ ಎತ್ತಲಿಲ್ಲ. ರಾಗಿ ಕೊಯ್ಲಿನ ಅಷ್ಟೂ ದಿನ ಬಾಲಾಜಿಯೇ ದುಡಿದ. ಅಪ್ಪನ ಮುಖ ಕ್ಷೌರ ಮಾಡಿದ, ಬಚ್ಚಲಿಗೆ ಕೈಹಿಡಿದು ಕರೆದೊಯ್ದ. ತಪ್ಪಾಯಿತು ಅನ್ನುವ ಒಂದು ಮಾತು ಮಾತ್ರ ಅವನ ಬಾಯಿಂದ ಬರಲಿಲ್ಲ. ಬರಲಿ ಎಂದು ದೊಡ್ಡಣ್ಣ ಕಾಯುತ್ತಿದ್ದುದು ಮುನಿರತ್ನಮ್ಮನಿಗೆ ಗೊತ್ತಿತ್ತು. ಅವಳೋ ದಿನಾ ಹೇಳುತ್ತಿದ್ದಳು. ಅವಳದ್ದನ್ನು ಅವನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.

ಮತ್ತೆ ತೋರಿಸಲು ಹೊಸೂರಿಗೆ ಹೋಗುವ ದಿನ ಬಂತು. ದೊಡ್ಡಣ್ಣನ ಒಂದು ರಟ್ಟೆ ಮಗ, ಒಂದು ರಟ್ಟೆ ಹೆಂಡತಿ ಹಿಡಿದು ಬಸ್ಸಿನ ಮೆಟ್ಟಿಲು ಹತ್ತಿಸುತ್ತಿದ್ದರು. ಅವನು ಓಲಾಡಿದ. "ನಿ…ಧಾನ… ಕಣ್ಲಾ," ಎಂದು ತೊದಲಿದ.

ಕಂಡಕ್ಟರ್ ಸೀಟಿ ಬಾಯಿಂದ ತೆಗೆದು ಗದರಿದ. "ಯೋವ್, ಕುಡಿಚ್ಚಿಟ್ಟು ಏರಾದೆ! ಇರಂಗು, ಇರಂಗು!" ಕುಡಿದು ಹತ್ತಬೇಡ, ಇಳಿ. ಮುಂದಿನ ಸೀಟಿನ ಇಬ್ಬರು ಹುಡುಗರು ನಕ್ಕರು. ಬೆಳ್ಳಂಬೆಳಿಗ್ಗೆಯೇ ಏರಿಸವ್ರೆ ಎಂದು ಯಾರೋ ಕನ್ನಡದಲ್ಲೇ ಅಂದರು.

ಬಾಲಾಜಿಯ ಕಿವಿ ಕೆಂಪಗಾಯಿತು, ಅಂದು ಸೈಕಲ್ ತಳ್ಳಿಕೊಂಡು ಬಂದ ಹುಡುಗನ ಮುಖವೇ ಆಯಿತು ಅದು. ನೆಲ ನೋಡುತ್ತಾ, ಪಕ್ಕದವರಿಗಷ್ಟೇ ಕೇಳುವ ಹಾಗೆ, "ನಮ್ಮಪ್ಪ ಕುಡಿಯಲ್ಲ," ಎಂದ.

ದೊಡ್ಡಣ್ಣ ಮೆಟ್ಟಿಲ ಮೇಲೆಯೇ ನಿಂತುಬಿಟ್ಟ. ಮೇಲಕ್ಕೂ ಹತ್ತಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಕಷ್ಟಪಟ್ಟು ಮುಖ ತಿರುಗಿಸಿ ಮಗನನ್ನು ನೋಡಿದ.

"ಜೋ…ರಾಗ್ ಹೇಳ್ಲಾ," ಎಂದ. "ಎಲ್ರ್ಗೂ… ಕೇಳ್ಲಿ."